ಏಳನೇ ನಂಬರಿನ ಹಂಸ

ಗ್ವಾಡಿ ಗಡಿಯಾರ ರಿಪೇರಿ ಮಾಡಿಕೊಟ್ಟೆ ಮೌಲಾಸಾಬಗ.
ರೊಕ್ಕ ಕೇಳಿದರ ಕಿಸೇದಿಂದ ತಗದ ಎರಡು ಗುಲಾಬಿ ಚೀಟಿ:
ಉಣಕಲ್ ಕೆರಿ, ಅರ್ಧ ತಾಸು, ಇಬ್ಬರಿಗೆ.
ಬೋಟಿನ ಗುತ್ತಿಗಿ ಅವಂದಂತ.
ನೂರೈವತ್ತು ರೂಪಾಯಿ ನೀರಾಗ ಹ್ವಾದ್ವಲ್ಲೋ ಅಂತ
ದುರ್ಗದ ಬೈಲಿನ ಖೋಕಾದಾಗ ಕುಂತು
ವಾರಗಟ್ಟಲೆ ಹೊಟ್ಟಿ ಉರಕೊಂಡೆ.

ರುಕ್ಮಾಬಾಯಿ ಚೀಟಿ ನೋಡಿದ್ಲು. ಬ್ಯಾಳಿ ಡಬ್ಬಿ ಮುಚ್ಚಿದ್ಲು.
"ಹೋಗೂಣು."
ಮಂಡಿ ನೋವು ಅಂದೆ. ಜಾತಕದಾಗ ಜಲಗಂಡಾಂತರ ಐತಿ ಅಂದೆ.
"ಜಾತಕ ಇಲಿ ತಿಂದು ಇಪ್ಪತ್ತು ವರ್ಷಾತು.
ಮಂಡಿ ನೋವು ನಂದು."

ಹಿಂಗ ಹೊಂಟಿತು ನೋಡ್ರಿ ನನ್ನ ನೌಕಾಯಾನ
ಚಿಗರಿ ಬಸ್ಸಿನಾಗ, ನಿಂತಕೊಂಡ.

ದಂಡಿಗೆ ಗೂಳಪ್ಪ ಅನ್ನೋ ಹುಡುಗ
ಕಿತ್ತಳಿ ಬಣ್ಣದ ಜಾಕೀಟು ತೊಡಿಸಿದ.
ಬಕ್ಕಲ್ಲು ಈ ಹೊಟ್ಟಿ ದಾಟಿ ಆ ಕಡೆ ಹೋಗಲಿಲ್ಲ,
ಹುರಿ ತಂದು ಬಿಗದ, ಕಡ್ಲಿ ಚೀಲಾ ಬಿಗದಂಗ.
ಹಂಸಕ್ಕ ಒಂದ ಕಣ್ಣು. ಇನ್ನೊಂದರ ಬಣ್ಣ ಕಿತ್ತು ಹೋಗಿತ್ತು.
"ಆಳ ಎಷ್ಟಪಾ ತಮ್ಮಾ?"
"ಮುಳುಗಿದವರು ಯಾರೂ ಬಂದು ಹೇಳಿಲ್ರಿ."

ನಡುವ ಒಂದು ಕಬ್ಬಿಣದ ಹಿಡಿಕಿ.
ಅದನ್ನ ನಾನ ಹಿಡದೆ, ಕೇಳಂಗಿಲ್ಲ, ಹೇಳಂಗಿಲ್ಲ.
ಹಿಡಿಕಿ ಹಿಡದಂವ ಕಪ್ತಾನ.
"ಎಡಕ್ಕ!" ಅಂತ ಒದರಿ ಎಡಕ್ಕ ತಿರಿವಿದೆ,
"ಬಲಕ್ಕ!" ಅಂತ ಒದರಿ ಬಲಕ್ಕ.
ದಂಡಿ ಸಣ್ಣದಾತು, ಗೂಳಪ್ಪ ಇರವಿ ಆದ,
ಗಾಳಿಗೆ ನನ್ನ ಕರೀ ಟೊಪಗಿ ನಡುಗಿತು.
ಕಾಲು ಗಿರಗಿರ ತಿರಗತಾವು, ಮಂಡಿ ಅನ್ನೂದ ಗೊತ್ತಾಗವೊಲ್ದು,
ಅರವತ್ತಕ್ಕ ಎರಡ ಕಮ್ಮಿ, ಏನು ಕಸುವು!
ಸುಮ್ಮನ ಖೋಕಾದಾಗ ಕುಂತು ಹಾಳಾದೆ,
ಕಾರವಾರದಾಗ ಹುಟ್ಟಿದ್ರ ಈ ಹೊತ್ತಿಗೆ
ಮಸ್ಕತ್ತಿಗೆ ಹಡಗು ಹೊಡಿತಿದ್ದೆ
ಅಂತ ಎದಿ ಉಬ್ಬಿಸಿದೆ. ಹುರಿ ಕಿರಗುಟ್ಟಿತು.

ಆಗ ರುಕ್ಮಾಬಾಯಿ ಸೆರಗಿನ ಗಂಟು ಬಿಚ್ಚಿ
ಗಿರಮಿಟ್ ಪೊಟ್ಟಣ ತಗದ್ಲು.

ಹಂಸ ನಿಂತಿತು.
ನನ್ನ ಕಾಲೂ ನಿಂತವು.
"ಯಾಕ ನಿಂತಿತು?"
"ನಾ ತಿನ್ನಾಕತ್ತೀನಿ."

ಬಗ್ಗಿ ನೋಡಿದೆ.
ಒಂದ ಸಳಿ. ನಾಕು ಪೆಡಲ್.
ಒಬ್ಬರು ತುಳದ್ರ ಸಾಕು, ಇನ್ನೊಬ್ಬರ ಕಾಲು
ತಾನ ತಿರಗತೈತಿ, ತುಳದೆ ಅನ್ನೋ ಸಮಾಧಾನದಾಗ.
ಮೂವತ್ನಾಕು ವರ್ಷ ಭೂತಗನ್ನಡಿ ಕಣ್ಣಿಗಿಟ್ಟು
ಸಾಸಿವಿಯಂಥ ಹಲ್ಲು ನೋಡಿ
ಯಾವ ಗಾಲಿ ತಿರಗಸತೈತಿ, ಯಾವುದು ಬರೇ ತಿರಗತೈತಿ
ಅಂತ ಹೇಳಂವ ನಾನು!

ಗಾಳಿ ನಮ್ಮನ್ನ ಮೆಲ್ಲಕ ದೂಡಿಕೊಂಡು ಒಯ್ದು
ಅಂತರಗಂಗಿಯೊಳಗ ಸಿಗಿಸಿತು.
ಒಂದು ಕೊಕ್ಕರೆ ಬಂದು ಹಂಸದ ತಲೀಮ್ಯಾಲೆ ಕುಂತು
ನನ್ನ ಜಾಕೀಟು ನೋಡಿತು.

ತುಳದೆ. ಖರೆನ, ಮೊದಲನೇ ಸಲ.
ಮಂಡಿ ಲಟಕ್ ಅಂತು, ಕಿವಿಯಾಗ ಗಂಟಿ ಹೊಡೀತು,
ಹಂಸ ಒಂದು ಗೇಣು ಸರೀತು.
ಉಳ್ಳಾಗಡ್ಡಿ ಅಗಿಯೂದು ನಿಲ್ಲಿಸಿ
ಆಕಿ ನನ್ನ ಕಾಲ ಕಡೆ ನೋಡಿದ್ಲು,
ಯಾರೋ ಹೊಸಬರು ಮನಿಗೆ ಬಂದಂಗ.

ಖೋಕಾದ ಡಿಪಾಜಿಟ್ಟಿಗೆ ಆಕಿ ಪಾಟ್ಲಿ ಹೋಗಿದ್ದು
ನಡುನೀರಿನಾಗ ನೆನಪಾತು.
ಹೇಳಬೇಕಂತ ಬಾಯಿ ತೆರದೆ.
ಆಕಿ ಮೆಣಸಿನಕಾಯಿ ಇಟ್ಲು.

ದಂಡಿ ಮುಟ್ಟಿದಾಗ ಹತ್ತು ನಿಮಿಷ ಜಾಸ್ತಿ.
ಗೂಳಪ್ಪ ದಂಡ ಕೇಳಿದ, ಅರವತ್ತು ರೂಪಾಯಿ.
ವಾದ ಮಾಡೂಣು ಅಂತ ಕೈಗಡಿಯಾರ ನೋಡಿದೆ:
ನೀರು ಹೊಕ್ಕು ನಿಂತುಬಿಟ್ಟಿತ್ತು, ನನ್ನ ಕೈಯಾಗಿಂದ!

ಮರುದಿನ ಮೌಲಾಸಾಬ ಬಂದ, ಗಡಿಯಾರ ಮತ್ತ ಹಿಂದ ಬಿದ್ದಿತ್ತಂತ.
"ಹೆಂಗಿತ್ರಿ ಇರಕಲ್ ಸಾಹೇಬ್ರ? ಬೋಟು ನೀವ ಹೊಡದ್ರ್ಯಾ?"
ಹೂಂ ಅನ್ನಾಕ ಬಾಯಿ ತಯಾರಾಗೇ ಇತ್ತು.
ಮಂಡಿಗೆ ಹಚ್ಚಿದ ಎಣ್ಣಿ ವಾಸನಿ ಬಂತು.

"ಹಿಡಿಕಿ ಹಿಡದಿದ್ದೆ" ಅಂದೆ.